ಪಿಯಾನೊವನ್ನು ಪ್ರಾರ್ಥನೆಯಾಗಿಸಿದ ಮೇರಿ ಲೂ ವಿಲಿಯಮ್ಸ್

ಕಲಾವಿದರ ಹಿರಿಮೆಯನ್ನು ಮತಗಳನ್ನು ಎಣಿಸಿ ನಿರ್ಧರಿಸಲು ಸಾಧ್ಯವೇ? ಸಾಧ್ಯವೆಂದು ನಂಬಿದ ಪತ್ರಿಕೆಗಳು ಅಮೆರಿಕದಲ್ಲಿದ್ದವು. ಷಿಕಾಗೊ ನಗರದಲ್ಲಿ 1934ರಲ್ಲಿ ಜನ್ಮತಾಳಿದ ‘ಡೌನ್ ಬೀಟ್’ ಎಂಬ ಸಂಗೀತ ಪತ್ರಿಕೆ 1936ರಿಂದ ತನ್ನ ಓದುಗರ ಮತ ಸಂಗ್ರಹಿಸಿ, ಜಾಝ್ ಸಂಗೀತದ ಒಂದೊಂದು ವಾದ್ಯದಲ್ಲೂ ಆ ವರ್ಷದ ಅಗ್ರಗಣ್ಯರು ಯಾರೆಂದು ಸಾರುವ ಪದ್ಧತಿಯನ್ನು ಆರಂಭಿಸಿತು. ಅದಕ್ಕಿಂತ ಹಳೆಯದಾದ ‘ಮೆಟ್ರೊನೋಮ್’ ಪತ್ರಿಕೆಯೂ ಕೆಲವೇ ವರ್ಷಗಳಲ್ಲಿ ಅದೇ ಹಾದಿ ಹಿಡಿದು, ಗೆದ್ದವರನ್ನು ಒಂದೆಡೆ ಕೂಡಿಸಿ ಧ್ವನಿಮುದ್ರಿಕೆಗಳನ್ನು ಹೊರತಂದಿತು. ಓದುಗರು ಮತ ಹಾಕಿದವರ ಹೆಸರಿಗೆ ಸಂಗೀತದ ಮಾರುಕಟ್ಟೆಯಲ್ಲಿ ಬೆಲೆ ಏರುತ್ತಿತ್ತು.

ಇಂತಹ ಮತದಾನಗಳು ಭರದಿಂದ ಸಾಗಿದ್ದ ಕಾಲದಲ್ಲಿ, ಜಾಝ್ ಪಿಯಾನೊ ವಾದನದ ಬೆಳವಣಿಗೆಯ ಪ್ರತಿಯೊಂದು ಹಂತದಲ್ಲೂ ಪಾಲುಗೊಂಡ ಮಹಿಳೆಯೊಬ್ಬರಿದ್ದರು. ಅಂದಿನ ಪ್ರಖ್ಯಾತ ವಾದ್ಯವೃಂದಗಳು ಆಕೆಯ ರಚನೆಗಳನ್ನು ನುಡಿಸಿದವು. ಮುಂದೆ ಲೋಕಪ್ರಸಿದ್ಧರಾದ ತರುಣ ವಾದಕರು ಆಕೆಯ ಮನೆಯ ಪಿಯಾನೊ ಸುತ್ತ ಕುಳಿತು ಕಲಿತರು. ಆದರೆ ‘ಡೌನ್ ಬೀಟ್’ ಓದುಗರ ಪಿಯಾನೊ ಪಟ್ಟಿಯ ಮೊದಲ ಸ್ಥಾನದಲ್ಲಿ ಆಕೆಯ ಹೆಸರು ಒಮ್ಮೆಯೂ ಬರಲಿಲ್ಲ. ನಡುವಯಸ್ಸಿನಲ್ಲಿ ವೇದಿಕೆಯನ್ನೇ ತೊರೆದು ದೇವಾಲಯದ ನೀರವತೆಯನ್ನು ಅರಸಿ ಹೋದ ಆಕೆ, ಅಲ್ಲಿಂದ ಮರಳಿ ಬಂದಾಗ ತಮ್ಮ ಕಲೆಯನ್ನು ಬೇರೊಂದೇ ಬೆಳಕಿನಲ್ಲಿ ಕಂಡುಕೊಂಡಿದ್ದರು. ಆ ಮಹಿಳೆಯೇ ಮೇರಿ ಲೂ ವಿಲಿಯಮ್ಸ್.

ತಾಯಿಯ ಮಡಿಲಲ್ಲಿ ಮೊದಲ ಪಾಠ

1910ರ ಮೇ 8ರಂದು ಜಾರ್ಜಿಯ ರಾಜ್ಯದ ಅಟ್ಲಾಂಟದಲ್ಲಿ ಹುಟ್ಟಿದ ಮಗುವಿಗೆ ಇಟ್ಟ ಹೆಸರು ಮೇರಿ ಎಲ್ಫ್ರಿಡಾ ಸ್ಕ್ರಗ್ಸ್. ತಂದೆಯ ಆಸರೆ ಆ ಮಗುವಿಗೆ ಸಿಗಲಿಲ್ಲ. ತಾಯಿ ವರ್ಜೀನಿಯ ಹಗಲೆಲ್ಲ ದುಡಿದು ಬಂದು, ಬಿಡುವಿನ ವೇಳೆಯಲ್ಲಿ ಕಾಲಿನಿಂದ ಗಾಳಿಯೂದುವ ಹಳೆಯ ಆರ್ಗನ್ ಒಂದನ್ನು ನುಡಿಸುತ್ತಿದ್ದರು. ಮಗುವನ್ನು ಮಡಿಲಲ್ಲಿ ಕುಳ್ಳಿರಿಸಿಕೊಂಡು ನುಡಿಸುತ್ತಿದ್ದಾಗ ಒಂದು ದಿನ ಆ ಪುಟ್ಟ ಕೈಗಳು ಮುಂದೆ ಚಾಚಿ, ತಾಯಿ ಆಗಷ್ಟೇ ನುಡಿಸಿದ್ದ ಸ್ವರಗಳನ್ನು ತಾವೇ ಹುಡುಕಿ ತೆಗೆದವು. ಬೆರಗಾದ ತಾಯಿ ನೆರೆಯವರನ್ನು ಕೂಗಿ ಕರೆದು ತೋರಿಸಿದರು. ಬೋಧಕರ ಕೈಗೆ ಒಪ್ಪಿಸಿದರೆ ಮಗು ಕಾಗದವನ್ನು ನೋಡಿ ನುಡಿಸುವುದನ್ನಷ್ಟೇ ಕಲಿತು ಕಿವಿಯ ಶಕ್ತಿಯನ್ನು ಕಳೆದುಕೊಂಡೀತೆಂಬುದು ಆ ತಾಯಿಯ ಭಯ. ಆದುದರಿಂದ ಮನೆಗೆ ಸಂಗೀತಗಾರರನ್ನು ಕರೆಸಿ ನುಡಿಸಹೇಳುತ್ತಿದ್ದರು. ಮಗು ಕೇಳಿ ಕಲಿಯುತ್ತಿತ್ತು.

ಕುಟುಂಬವು ಉತ್ತರದ ಪಿಟ್ಸ್‌ಬರ್ಗ್ ನಗರಕ್ಕೆ ವಲಸೆ ಹೋಯಿತು. ಉಕ್ಕಿನ ಕಾರ್ಖಾನೆಗಳ ಆ ಊರಿನ ಈಸ್ಟ್ ಲಿಬರ್ಟಿ ಭಾಗದಲ್ಲಿ ಕಪ್ಪು ಜನರು ಬಂದು ನೆಲೆಸುವುದು ನೆರೆಯ ಬಿಳಿಯರಿಗೆ ಸಹ್ಯವಾಗಲಿಲ್ಲ. ರಾತ್ರಿಹೊತ್ತು ಕಿಟಕಿಗಳ ಮೇಲೆ ಇಟ್ಟಿಗೆಗಳು ಬಂದು ಬೀಳುತ್ತಿದ್ದವು. ಈ ಹುಡುಗಿ ಒಂದೊಂದು ಮನೆಗೂ ಹೋಗಿ ಪಿಯಾನೊ ನುಡಿಸತೊಡಗಿದ ಮೇಲೆ ಇಟ್ಟಿಗೆಗಳು ನಿಂತವೆಂದು ಮುಂದೆ ಆಕೆಯೇ ನೆನೆಸಿಕೊಂಡಿದ್ದಾರೆ. ಈಸ್ಟ್ ಲಿಬರ್ಟಿಯ ಪುಟ್ಟ ಪಿಯಾನೊ ಹುಡುಗಿ ಎಂಬ ಹೆಸರು ಊರೆಲ್ಲ ಹಬ್ಬಿತು. ನಗರದ ಆಗರ್ಭ ಶ್ರೀಮಂತರಾದ ಮೆಲನ್ ಮನೆತನದವರ ಔತಣಕೂಟಗಳಿಂದಲೂ ಕರೆ ಬಂತು. ಮಲತಂದೆ ಫ್ಲೆಚರ್ ಬರ್ಲಿ ಮನೆಗೆ ಪಿಯಾನೊ ತಂದು ಪ್ರೋತ್ಸಾಹಿಸಿದರು. ತಮ್ಮ ತಂಗಿಯರಿಂದ ತುಂಬಿದ ಆ ಮನೆಗೆ ಬಾಲಕಿಯ ಸಂಪಾದನೆಯೂ ಒಂದು ಆಧಾರವಾಯಿತು.

ಒಂದು ದಿನ ಅಲ್ಲಿನ ರಂಗಮಂದಿರದಲ್ಲಿ ಕಂಡ ನೋಟ ಆಕೆಯ ಬದುಕಿನ ದಿಕ್ಕನ್ನು ನಿರ್ಧರಿಸಿತು. ಲವಿ ಆಸ್ಟಿನ್ ಎಂಬ ಮಹಿಳೆ ವಾದ್ಯವೃಂದದ ನಡುವೆ ಕುಳಿತು, ಎಡಗೈಯಿಂದ ಪಿಯಾನೊ ನುಡಿಸುತ್ತಾ ಬಲಗೈಯಿಂದ ಮುಂದಿನ ಪ್ರದರ್ಶನದ ಸಂಗೀತವನ್ನು ಬರೆಯುತ್ತಿದ್ದರು. ಹೆಣ್ಣೊಬ್ಬಳು ಹೀಗೂ ಇರಬಲ್ಲಳೆಂಬುದನ್ನು ಕಣ್ಣಾರೆ ಕಂಡ ಬಾಲಕಿ ಅದನ್ನು ಮರೆಯಲಿಲ್ಲ.

ತೆರೆಯ ಹಿಂದಿನ ದುಡಿಮೆ

ಹದಿಹರೆಯದಲ್ಲೇ ಸಂಚಾರಿ ನಾಟಕ ತಂಡದೊಡನೆ ಊರೂರು ಸುತ್ತಿದ ಆಕೆ, ಅದೇ ತಂಡದ ಸ್ಯಾಕ್ಸೊಫೋನ್ ವಾದಕ ಜಾನ್ ವಿಲಿಯಮ್ಸರನ್ನು ವರಿಸಿದರು. ಪತಿ ಸೇರಿದ್ದ ವಾದ್ಯವೃಂದ ಆಂಡಿ ಕರ್ಕ್ ಅವರ ನೇತೃತ್ವದಲ್ಲಿ 1929ರಲ್ಲಿ ಕಾನ್ಸಸ್ ಸಿಟಿಯಲ್ಲಿ ನೆಲೆಯೂರಿತು. ಪತ್ನಿಗೆ ಅದರಲ್ಲಿ ಸ್ಥಾನವಿರಲಿಲ್ಲ. ಬೇರೊಬ್ಬ ಪಿಯಾನೊ ವಾದಕರಿದ್ದರು. ಈ ಅವಧಿಯಲ್ಲಿ ಆಕೆ ಶವಸಂಸ್ಕಾರದ ವ್ಯವಸ್ಥೆ ಮಾಡುವವರೊಬ್ಬರ ಬಳಿ ಶವ ಸಾಗಿಸುವ ವಾಹನವನ್ನು ನಡೆಸಿ ಸಂಪಾದಿಸಿದ್ದೂ ಉಂಟು. ಧ್ವನಿಮುದ್ರಣದ ದಿನ ವೃಂದದ ಪಿಯಾನೊ ವಾದಕ ಬಾರದೆ ಹೋದಾಗ ಆಕೆಯನ್ನು ಕರೆದು ಕೂರಿಸಿದರು. ಆ ವಾದನವನ್ನು ಮೆಚ್ಚಿದ ಬ್ರನ್ಸ್‌ವಿಕ್ ಕಂಪನಿಯವರು 1930ರಲ್ಲಿ ಷಿಕಾಗೊದಲ್ಲಿ ಆಕೆಯ ಏಕವ್ಯಕ್ತಿ ವಾದನದ ಮುದ್ರಿಕೆಯನ್ನು ತೆಗೆದರು. ಮೇರಿ ಲೂ ಎಂಬ ಹೆಸರು ಆಗ ಕಂಪನಿಯ ಜಾಕ್ ಕ್ಯಾಪ್ ಅವರ ಸಲಹೆಯಿಂದ ಬಂದುದು.

ಇಲ್ಲಿ ಜಾಝ್ ಕುರಿತು ಒಂದು ಮಾತು ಹೇಳಬೇಕು. ಗುಲಾಮಗಿರಿಯ ನೋವಿನಿಂದ ಹುಟ್ಟಿದ ಭಕ್ತಿಗೀತೆಗಳು, ಹೊಲಗದ್ದೆಗಳ ದುಡಿಮೆಯ ಹಾಡುಗಳು, ಯೂರೋಪಿನ ವಾದ್ಯಗಳು, ಇವೆಲ್ಲ ಅಮೆರಿಕದ ಕಪ್ಪು ಜನರ ಕೈಯಲ್ಲಿ ಬೆರೆತು ಜಾಝ್ ಆಯಿತು. ನಮ್ಮ ಕರ್ನಾಟಕ ಸಂಗೀತದಲ್ಲಿ ಮನೋಧರ್ಮವೆಂದು ಕರೆಯುವ ಅಂಶ, ಅಂದರೆ ಕಲಾವಿದ ಆ ಕ್ಷಣದಲ್ಲಿ ತನ್ನ ಕಲ್ಪನೆಯಿಂದ ಸಂಗೀತವನ್ನು ಬೆಳೆಸುವುದು, ಇದರ ಜೀವಾಳ. ಆದರೆ ಹತ್ತು ಹನ್ನೆರಡು ಮಂದಿ ಒಟ್ಟಿಗೆ ನುಡಿಸಬೇಕಾದಾಗ ಯಾರು ಎಲ್ಲಿ ಏನನ್ನು ನುಡಿಸಬೇಕೆಂದು ಯಾರಾದರೂ ಬರೆದುಕೊಡಲೇಬೇಕು. ಈ ಕೆಲಸ ಮೇರಿ ಲೂ ಅವರ ಪಾಲಿಗೆ ಬಂತು. ಆರಂಭದಲ್ಲಿ ಸ್ವರಲಿಪಿ ಬರೆಯಲು ಅವರಿಗೆ ತಿಳಿದಿರಲಿಲ್ಲ. ಅವರು ನುಡಿದು ತೋರಿಸಿದ್ದನ್ನು ಕರ್ಕ್ ಅವರೇ ಬರೆದುಕೊಳ್ಳುತ್ತಿದ್ದರು. ಬಳಿಕ ತಾವೇ ಕಲಿತು, ಬಸ್ಸಿನ ಪ್ರಯಾಣದಲ್ಲೂ ರಾತ್ರಿ ಕಾರ್ಯಕ್ರಮ ಮುಗಿದ ಮೇಲೂ ಬರೆಯತೊಡಗಿದರು. ಕರ್ಕ್ ವಾದ್ಯವೃಂದ 1930ರ ದಶಕದಲ್ಲಿ ದೇಶದಾದ್ಯಂತ ಗಳಿಸಿದ ಕೀರ್ತಿಯ ಬಹುಪಾಲು ಈ ಬರವಣಿಗೆಯಿಂದ ಬಂದುದು.

ಅವರ ರಚನೆಗಳಿಗೆ ಇತರರಿಂದಲೂ ಬೇಡಿಕೆ ಬಂತು. ‘ಸ್ವಿಂಗ್’ ಸಂಗೀತದ ದೊರೆಯೆಂದು ಹೆಸರಾಗಿದ್ದ ಬೆನ್ನಿ ಗುಡ್‌ಮನ್ ಅವರಿಗೆ 1937ರಲ್ಲಿ ಬರೆದುಕೊಟ್ಟ ‘ರೋಲ್ ಎಮ್’ ಎಂಬ ಕೃತಿ ಅಪಾರ ಜನಪ್ರಿಯತೆ ಗಳಿಸಿತು. ತಮಗೊಬ್ಬರಿಗೇ ಬರೆಯಬೇಕೆಂದು ಗುಡ್‌ಮನ್ ಆಹ್ವಾನಿಸಿದಾಗ ಮೇರಿ ಲೂ ನಿರಾಕರಿಸಿ ತಮ್ಮ ಸ್ವಾತಂತ್ರ್ಯವನ್ನು ಉಳಿಸಿಕೊಂಡರು. ಗುಡ್‌ಮನ್ ವೃಂದದಲ್ಲಿ ಆ ಕೃತಿಯ ಪಿಯಾನೊ ಭಾಗವನ್ನು ನುಡಿಸಿದವರು ಜೆಸ್ ಸ್ಟೇಸಿ. ಅವರೂ ಉತ್ತಮ ಕಲಾವಿದರೇ. 1940ರ ದಶಕದ ಆರಂಭದ ವರ್ಷಗಳಲ್ಲಿ ‘ಡೌನ್ ಬೀಟ್’ ಓದುಗರು ಪಿಯಾನೊ ವಿಭಾಗದಲ್ಲಿ ಅಗ್ರಸ್ಥಾನ ನೀಡಿದ್ದು ಸ್ಟೇಸಿ ಅವರಿಗೆ. ಕೃತಿಯನ್ನು ರಚಿಸಿದ ಪಿಯಾನೊ ವಾದಕಿಗೆ ಆ ಸ್ಥಾನ ದೊರೆಯಲಿಲ್ಲ.

ಇದರಲ್ಲಿ ಯಾರದೂ ಕುಟಿಲವಿರಲಿಲ್ಲ. ಓದುಗರು ತಾವು ರೇಡಿಯೊದಲ್ಲಿ ಕೇಳಿದವರಿಗೆ, ದೊಡ್ಡ ಸಭಾಂಗಣಗಳಲ್ಲಿ ಕಂಡವರಿಗೆ ಮತ ಹಾಕುತ್ತಿದ್ದರು. ಆ ಅವಕಾಶಗಳು ಬಿಳಿಯರ ವಾದ್ಯವೃಂದಗಳಿಗೆ ಹೆಚ್ಚಾಗಿಯೂ ಕಪ್ಪು ಜನರ ವೃಂದಗಳಿಗೆ ವಿರಳವಾಗಿಯೂ ದೊರೆಯುತ್ತಿದ್ದವು. ಇನ್ನು ಮಹಿಳೆಯರ ಹೆಸರನ್ನು ಓದುಗರು ಹುಡುಕುತ್ತಿದ್ದುದು ಗಾಯಕಿಯರ ವಿಭಾಗದಲ್ಲಿ. ಹೀಗೆ ಬಣ್ಣ, ಲಿಂಗ ಎಂಬ ಎರಡು ಗೋಡೆಗಳ ಆಚೆ ನಿಂತವರು ಎಷ್ಟು ಚೆನ್ನಾಗಿ ನುಡಿಸಿದರೂ ಮತಚೀಟಿಯವರೆಗೆ ಆ ನಾದ ತಲುಪುವುದು ಕಷ್ಟವಾಗಿತ್ತು.

ನ್ಯೂಯಾರ್ಕಿನ ಮನೆ

1942ರಲ್ಲಿ ಕರ್ಕ್ ವೃಂದವನ್ನು ಬಿಟ್ಟ ಮೇರಿ ಲೂ ಮರುವರ್ಷ ನ್ಯೂಯಾರ್ಕಿಗೆ ಬಂದರು. ಕಪ್ಪು ಬಿಳಿ ಎಂಬ ಭೇದವಿಲ್ಲದೆ ಪ್ರೇಕ್ಷಕರನ್ನು ಒಟ್ಟಿಗೆ ಕೂರಿಸುತ್ತಿದ್ದ ‘ಕೆಫೆ ಸೊಸೈಟಿ’ ಎಂಬಲ್ಲಿ ನುಡಿಸತೊಡಗಿದರು. ರೇಡಿಯೊದಲ್ಲಿ ಅವರದೇ ಸಾಪ್ತಾಹಿಕ ಕಾರ್ಯಕ್ರಮ ಬಂತು. ಹನ್ನೆರಡು ರಾಶಿಗಳ ಹೆಸರಿನಲ್ಲಿ ಹನ್ನೆರಡು ಭಾಗಗಳುಳ್ಳ ‘ಝೋಡಿಯಾಕ್ ಸೂಟ್’ ಎಂಬ ಮಹಾಕೃತಿಯನ್ನು 1945ರಲ್ಲಿ ರಚಿಸಿ, ಆ ವರ್ಷದ ಕೊನೆಯಲ್ಲಿ ಟೌನ್ ಹಾಲ್ ಸಭಾಂಗಣದಲ್ಲಿ ಪ್ರಸ್ತುತಪಡಿಸಿದರು. 1946ರಲ್ಲಿ ಅದರ ಕೆಲವು ಭಾಗಗಳನ್ನು ಕಾರ್ನೆಗೀ ಹಾಲ್‌ನಲ್ಲಿ ಸಿಂಫನಿ ವಾದ್ಯವೃಂದದೊಡನೆ ನುಡಿಸಿದರು.

ಹಾರ್ಲೆಮ್ ಭಾಗದ ಹ್ಯಾಮಿಲ್ಟನ್ ಟೆರೇಸ್ ರಸ್ತೆಯಲ್ಲಿದ್ದ ಅವರ ಮನೆಯ ಬಾಗಿಲು ಇರುಳೆಲ್ಲ ತೆರೆದಿರುತ್ತಿತ್ತು. ಕಾರ್ಯಕ್ರಮ ಮುಗಿಸಿದ ತರುಣ ಸಂಗೀತಗಾರರು ಅಲ್ಲಿಗೆ ಬಂದು ಬೆಳಗಾಗುವ ತನಕ ಹೊಸ ಸ್ವರಸಂಯೋಜನೆಗಳನ್ನು ಪ್ರಯೋಗಿಸುತ್ತಿದ್ದರು. ಥೆಲೋನಿಯಸ್ ಮಂಕ್, ಬಡ್ ಪವೆಲ್, ಡಿಝಿ ಗಿಲೆಸ್ಪಿ, ಟ್ಯಾಡ್ ಡ್ಯಾಮರನ್ ಮೊದಲಾದವರು ಆ ಮನೆಯ ನಿತ್ಯದ ಅತಿಥಿಗಳು. ‘ಬೀಬಾಪ್’ ಎಂಬ ಹೊಸ ಶೈಲಿಯನ್ನು ಹಿರಿಯ ಕಲಾವಿದರು ಅನೇಕರು ಹಳಿಯುತ್ತಿದ್ದ ದಿನಗಳಲ್ಲಿ, ಮೇರಿ ಲೂ ಮಾತ್ರ ಆ ತರುಣರ ತಪ್ಪನ್ನು ತಿದ್ದಿ, ಹಸಿವಿಗೆ ಅನ್ನವಿಕ್ಕಿ, ಅವರಿಗೆ ಹಿರಿಯಕ್ಕನಾದರು.

ಕಾಲ ಸರಿದಂತೆ ಆ ತರುಣರಿಗೆ ಮತಗಳು ಬಂದವು. ‘ಡೌನ್ ಬೀಟ್’ ಪತ್ರಿಕೆ 1952ರಲ್ಲಿ, ಜೀವಮಾನದ ಸಾಧನೆಗಾಗಿ ಓದುಗರೇ ಆರಿಸುವ ‘ಕೀರ್ತಿಮಂದಿರ’ವೊಂದನ್ನು ಸ್ಥಾಪಿಸಿತು. ಮೊದಲು ಆಯ್ಕೆಯಾದವರು ಲೂಯಿ ಆರ್ಮ್‌ಸ್ಟ್ರಾಂಗ್. ಬಳಿಕ 1960ರಲ್ಲಿ ಗಿಲೆಸ್ಪಿ, 1963ರಲ್ಲಿ ಮಂಕ್, 1966ರಲ್ಲಿ ಪವೆಲ್ ಅದನ್ನು ಸೇರಿದರು. ಅವರಿಗೆ ಮನೆಯ ಬಾಗಿಲು ತೆರೆದಿಟ್ಟಾಕೆಗೆ ಕೀರ್ತಿಮಂದಿರದ ಬಾಗಿಲು ಇನ್ನೂ ಮುಚ್ಚಿಯೇ ಇತ್ತು.

ವೇದಿಕೆಯಿಂದ ದೇವಾಲಯಕ್ಕೆ

1952ರ ಕೊನೆಯಲ್ಲಿ ಮೇರಿ ಲೂ ಇಂಗ್ಲೆಂಡಿಗೆ ತೆರಳಿದರು. ಕೆಲವೇ ದಿನಗಳ ಪ್ರವಾಸವೆಂದು ಹೊರಟವರು ಎರಡು ವರ್ಷ ಯೂರೋಪಿನಲ್ಲೇ ಉಳಿದರು. ಜನ ಮೆಚ್ಚಿದರು, ಆದರೆ ಕೈಯಲ್ಲಿ ಹಣ ನಿಲ್ಲಲಿಲ್ಲ, ಮನಸ್ಸಿಗೆ ನೆಮ್ಮದಿ ಸಿಗಲಿಲ್ಲ. ಎರಡು ವಿವಾಹಗಳು ಮುರಿದಿದ್ದವು. ಆತ್ಮೀಯ ಗೆಳೆಯರು ಒಬ್ಬೊಬ್ಬರಾಗಿ ಮಾದಕ ದ್ರವ್ಯಗಳಿಗೆ, ಕುಡಿತಕ್ಕೆ, ಅಕಾಲ ಮರಣಕ್ಕೆ ತುತ್ತಾಗುತ್ತಿದ್ದರು. 1954ರಲ್ಲಿ ಪ್ಯಾರಿಸ್ ನಗರದ ಕ್ಲಬ್ ಒಂದರಲ್ಲಿ ನುಡಿಸುತ್ತಿದ್ದ ಅವರು ಒಂದು ರಾತ್ರಿ ನಡುವೆಯೇ ಪಿಯಾನೊ ಬಿಟ್ಟು ಎದ್ದು ಹೊರನಡೆದರು. ಕೀರ್ತನೆಗಳ ಗ್ರಂಥ ಅವರ ಸಂಗಾತಿಯಾಯಿತು. ವರ್ಷಾಂತ್ಯಕ್ಕೆ ಅಮೆರಿಕಕ್ಕೆ ಮರಳಿದ ಮೇಲೂ ನುಡಿಸುವ ಆಹ್ವಾನಗಳನ್ನು ಒಪ್ಪಲಿಲ್ಲ. 1955ರ ಮಾರ್ಚ್‌ನಲ್ಲಿ ಅಪ್ರತಿಮ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ತಮ್ಮ 34ನೆಯ ವಯಸ್ಸಿನಲ್ಲಿ ಮೃತರಾದಾಗ ಆ ವಿರಕ್ತಿ ಮತ್ತಷ್ಟು ಗಾಢವಾಯಿತು.

ಅವರ ಮನೆಯ ಸಮೀಪದಲ್ಲೇ ಲೂರ್ದು ಮಾತೆಯ ದೇವಾಲಯವಿತ್ತು. ಅದರ ಬಾಗಿಲು ದಿನವಿಡೀ ತೆರೆದಿರುತ್ತಿದ್ದುದೇ ಮೇರಿ ಲೂ ಅಲ್ಲಿಗೆ ಹೋಗಲು ಮೊದಲ ಕಾರಣ. ಗಂಟೆಗಟ್ಟಲೆ ಮೊಣಕಾಲೂರಿ, ಕಷ್ಟದಲ್ಲಿದ್ದ ಸಂಗೀತಗಾರರ ಹೆಸರುಗಳನ್ನು ಒಂದೊಂದಾಗಿ ನೆನೆದು ಅವರಿಗಾಗಿ ಪ್ರಾರ್ಥಿಸುತ್ತಿದ್ದರು. ಪ್ರಾರ್ಥನೆ ಮುಗಿಸಿ ಮನೆಗೆ ಬಂದರೆ ಅಲ್ಲಿಯೂ ಅವರೇ ಇರುತ್ತಿದ್ದರು. ಹಿಂದೆ ಸಂಗೀತ ಮೊಳಗಿದ್ದ ಕೋಣೆಗಳಲ್ಲಿ ಈಗ ಚಟಕ್ಕೆ ಬಲಿಯಾದವರು, ರೋಗಿಗಳು, ಕೆಲಸ ಕಳೆದುಕೊಂಡವರು ಮಲಗಿರುತ್ತಿದ್ದರು. ಮೇರಿ ಲೂ ಅವರಿಗೆ ಅಡುಗೆ ಮಾಡಿ ಬಡಿಸಿ, ಶುಶ್ರೂಷೆ ನಡೆಸಿದರು. ತಮ್ಮ ಬೆಲೆಬಾಳುವ ಉಡುಪುಗಳನ್ನೂ ಅವರಿಗಾಗಿ ಮಾರಿದರು.

ಡಿಝಿ ಗಿಲೆಸ್ಪಿ ಅವರ ಪತ್ನಿ ಲೊರೇನ್ ಅದೇ ಹೊತ್ತಿಗೆ ಕಥೋಲಿಕ ವಿಶ್ವಾಸದ ಕಡೆಗೆ ಒಲಿದಿದ್ದರು. ಇಬ್ಬರೂ ಯೇಸುಸಭೆಯ ವಂದನೀಯ ಆಂಥೊನಿ ವುಡ್ಸ್ ಅವರಲ್ಲಿ ಧರ್ಮೋಪದೇಶ ಪಡೆದು 1957ರ ಮೇ ತಿಂಗಳಲ್ಲಿ ಜ್ಞಾನಸ್ನಾನ ಸ್ವೀಕರಿಸಿದರು. ಇನ್ನು ಮುಂದೆ ಸಂಗೀತ ಬೇಡ, ಪ್ರಾರ್ಥನೆ ಹಾಗೂ ಸೇವೆ ಸಾಕು ಎಂಬುದು ಮೇರಿ ಲೂ ಅವರ ನಿಶ್ಚಯವಾಗಿತ್ತು. ಕ್ಲಬ್ಬುಗಳ ಹೊಗೆ, ಮದ್ಯ, ಪೈಪೋಟಿಗಳ ನಡುವೆ ತಾವು ಕಳೆದ ಮೂವತ್ತು ವರ್ಷಗಳು ಅವರಿಗೆ ನಿರರ್ಥಕವಾಗಿ ಕಂಡಿದ್ದವು.

ಗುರುಗಳ ಅಭಿಪ್ರಾಯ ಬೇರೆಯಾಗಿತ್ತು. ಜಾಝ್ ಪ್ರಿಯರಾಗಿದ್ದ ವಂದನೀಯ ಜಾನ್ ಕ್ರೌಲಿ, ಹಾಗೆಯೇ ವಂದನೀಯ ವುಡ್ಸ್, ಪಿಯಾನೊ ನುಡಿಸುವುದನ್ನೇ ಇತರರಿಗಾಗಿ ದೇವರಿಗೆ ಒಪ್ಪಿಸುವ ಪ್ರಾರ್ಥನೆಯಾಗಿ ಮಾಡಬಹುದೆಂದು ಅವರಿಗೆ ತಿಳಿಹೇಳಿದರು. ದೇವರು ಕೊಟ್ಟ ವರವನ್ನು ಹೂತಿಡುವುದರಲ್ಲಿ ಪುಣ್ಯವಿಲ್ಲ. ಅದನ್ನು ಮರಳಿ ದೇವರ ಕೈಗೇ ಕೊಡುವುದರಲ್ಲಿದೆ ಎಂಬುದು ಅವರ ಉಪದೇಶದ ತಾತ್ಪರ್ಯ. ತಲೆಂತುಗಳ ಸಾಮತಿಯನ್ನು ಬಲ್ಲ ನಮಗೆ ಇದು ಹೊಸ ಮಾತಲ್ಲ. ಆದರೆ ವೇದಿಕೆಯಿಂದ ಓಡಿಬಂದ ಮಹಿಳೆಗೆ ಅದೇ ವೇದಿಕೆಗೆ ಮರಳೆಂದು ಗುರುಗಳೇ ಹೇಳಿದಾಗ ಅದನ್ನು ಪಾಲಿಸುವುದು ಸುಲಭವಾಗಿರಲಿಲ್ಲ. ಮೇರಿ ಲೂ ಪಾಲಿಸಿದರು. ಅದೇ 1957ರ ಜುಲೈ ತಿಂಗಳಲ್ಲಿ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಗಿಲೆಸ್ಪಿ ಅವರ ವಾದ್ಯವೃಂದದೊಡನೆ ನುಡಿಸಿ ಮರಳಿ ಬೆಳಕಿಗೆ ಬಂದರು. ಸಂಪಾದನೆಯ ಒಂದು ಪಾಲು, ಸಂಕಷ್ಟದಲ್ಲಿದ್ದ ಸಂಗೀತಗಾರರಿಗಾಗಿ ತಾವು ಸ್ಥಾಪಿಸಿದ ‘ಬೆಲ್ ಕ್ಯಾಂಟೊ’ ಪ್ರತಿಷ್ಠಾನಕ್ಕೆ ಸಲ್ಲುತ್ತಿತ್ತು. ಅದರ ನೆರವಿಗೆಂದು ದಾನವಾಗಿ ಬಂದ ಬಟ್ಟೆಬರೆಗಳನ್ನು ಮಾರುವ ಅಂಗಡಿಯೊಂದನ್ನೂ ಹಾರ್ಲೆಮ್‌ನಲ್ಲಿ ತೆರೆದು, ತಾವೇ ಅಲ್ಲಿ ಕುಳಿತು ನಡೆಸಿದರು.

ದೇವಾಲಯದೊಳಗೆ ಜಾಝ್

ಮೇರಿ ಲೂ ಪ್ರವೇಶಿಸಿದ ಧರ್ಮಸಭೆಯಲ್ಲಿ ಅವರ ವಾದ್ಯಕ್ಕೇ ಸ್ಥಾನವಿರಲಿಲ್ಲ ಎಂಬುದನ್ನು ಇಂದಿನ ತಲೆಮಾರಿನವರು ಅರಿತಿರಲಾರರು. ಹತ್ತನೆಯ ಭಕ್ತಿನಾಥ ಜಗದ್ಗುರುಗಳು, ಅಂದರೆ ಸಂತ ಹತ್ತನೆಯ ಪಿಯುಸ್, 1903ರ ನವೆಂಬರ್ 22ರಂದು ಹೊರಡಿಸಿದ ಸಂಗೀತ ಸಂಬಂಧಿ ಆಜ್ಞೆಯಲ್ಲಿ ದೇವಾಲಯದೊಳಗೆ ಪಿಯಾನೊ ನುಡಿಸುವುದನ್ನು ನಿಷೇಧಿಸಿದ್ದರು. ಮದ್ದಳೆ, ತಾಳ ಮುಂತಾದ ಸದ್ದಿನ ವಾದ್ಯಗಳಿಗೂ ಅದೇ ನಿಷೇಧ. ಅಂದಿನ ದೇವಾಲಯಗಳಲ್ಲಿ ನಾಟಕರಂಗದ ಸಂಗೀತ ನುಸುಳಿ ಆರಾಧನೆಯ ಗಾಂಭೀರ್ಯ ಕೆಟ್ಟಿದ್ದುದರಿಂದ ಆ ಕಟ್ಟುನಿಟ್ಟು ಬೇಕಾಗಿತ್ತು. ಆದರೆ ಆಫ್ರಿಕ, ಏಷ್ಯ, ಅಮೆರಿಕಗಳ ಜನ ತಮ್ಮ ಹೃದಯದ ನಾದವನ್ನು ದೇವಾಲಯದ ಹೊರಗೇ ಬಿಟ್ಟುಬರಬೇಕಾಯಿತು.

1962ರ ಮೇ 6ರಂದು ಇಪ್ಪತ್ತಮೂರನೆಯ ಜಾನ್ ಜಗದ್ಗುರುಗಳು ಮಾರ್ಟಿನ್ ದೆ ಪೊರೆಸ್ ಅವರನ್ನು ಸಂತ ಪದವಿಗೇರಿಸಿದರು. ಪೆರು ದೇಶದ ಲಿಮಾ ನಗರದಲ್ಲಿ 1579ರಲ್ಲಿ ಸ್ಪೇನಿನ ಕುಲೀನನೊಬ್ಬನಿಗೂ ಗುಲಾಮಗಿರಿಯಿಂದ ಬಿಡುಗಡೆಗೊಂಡ ಕಪ್ಪು ಮಹಿಳೆಗೂ ಹುಟ್ಟಿದ ಮಾರ್ಟಿನ್, ದೊಮಿನಿಕನ್ ಮಠದಲ್ಲಿ ಕಸಗುಡಿಸುತ್ತಾ ರೋಗಿಗಳ ಆರೈಕೆ ಮಾಡುತ್ತಾ ಬಾಳಿದವರು. ತಾನು ಮಾಡುತ್ತಿದ್ದ ಸೇವೆಗೆ ಮಾದರಿಯೊಂದನ್ನು ಮೇರಿ ಲೂ ಅವರಲ್ಲಿ ಕಂಡರು. ವಂದನೀಯ ವುಡ್ಸ್ ಬರೆದ ಸಾಹಿತ್ಯಕ್ಕೆ ಗಾಯನ ವೃಂದದ ಸ್ವರಸಂಯೋಜನೆ ಮಾಡಿ, ಆ ಸಂತರ ಸ್ತುತಿಗೀತೆಯನ್ನು ಅದೇ ನವೆಂಬರ್ ತಿಂಗಳಲ್ಲಿ ನ್ಯೂಯಾರ್ಕಿನ ಸಂತ ಫ್ರಾನ್ಸಿಸ್ ಕ್ಸೇವಿಯರ್ ದೇವಾಲಯದಲ್ಲಿ ಪ್ರಸ್ತುತಪಡಿಸಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆ ಆರಂಭವಾಗಿ ಆಗ ಕೆಲವು ವಾರಗಳಷ್ಟೇ ಕಳೆದಿದ್ದವು. ಹೊಸತನ್ನು ಕಂಡು ಹುಬ್ಬೇರಿಸಿದವರಿದ್ದರು. ಗೀತೆಯನ್ನೊಳಗೊಂಡ ಮುದ್ರಿಕೆಯನ್ನು ಮೇರಿ ಲೂ ‘ಮೇರಿ ರೆಕಾರ್ಡ್ಸ್’ ಎಂಬ ತಮ್ಮದೇ ಸಂಸ್ಥೆಯಿಂದ ಹೊರತಂದರು.

1963ರ ಡಿಸೆಂಬರ್ 4ರಂದು ಮಹಾಸಭೆ ಅಂಗೀಕರಿಸಿದ ಆರಾಧನಾವಿಧಿಯ ಶಾಸನವು ಆಯಾ ಜನಾಂಗದ ಭಾಷೆಗೂ ಸಂಗೀತ ಪರಂಪರೆಗೂ ಬಲಿಪೂಜೆಯಲ್ಲಿ ಎಡೆಮಾಡಿಕೊಟ್ಟಿತು. ನಮ್ಮ ನಾಡಿನ ಬಲಿಪೀಠಗಳಲ್ಲಿ ಲತೀನ್ ಭಾಷೆಯ ಬದಲು ಕನ್ನಡ, ಕೊಂಕಣಿ ಕೇಳಿಬರುವಂತಾದದ್ದು ಅದೇ ಶಾಸನದಿಂದ. ಅದೇ ಬಾಗಿಲಿನಿಂದ ಮೇರಿ ಲೂ ತಮ್ಮ ಜನರ ಸಂಗೀತವನ್ನು ಒಳತಂದರು. ಪಿಟ್ಸ್‌ಬರ್ಗ್ ಧರ್ಮಪ್ರಾಂತದ ಬಿಷಪ್ ಜಾನ್ ರೈಟ್ ಅವರ ಬೆಂಬಲದಿಂದ 1964ರಲ್ಲಿ ಅಲ್ಲಿ ಜಾಝ್ ಉತ್ಸವವನ್ನು ಆರಂಭಿಸಿದರು. 1967ರಲ್ಲಿ ತಮ್ಮ ಮೊದಲ ಬಲಿಪೂಜಾ ಸಂಗೀತವನ್ನು ಅಲ್ಲಿಯೇ ರಚಿಸಿ ಪ್ರಸ್ತುತಪಡಿಸಿದರು. 1968ರಲ್ಲಿ ತಪಸ್ಸುಕಾಲಕ್ಕೆಂದು ಎರಡನೆಯದನ್ನು ಬರೆದರು. ಮೂರನೆಯದು, ನ್ಯಾಯ ಮತ್ತು ಶಾಂತಿಗಾಗಿನ ವ್ಯಾಟಿಕನ್ ಆಯೋಗದ ಕೋರಿಕೆಯಂತೆ 1969ರಲ್ಲಿ ರಚಿಸಿದ ಶಾಂತಿಗಾಗಿನ ಬಲಿಪೂಜೆ. ನೃತ್ಯ ನಿರ್ದೇಶಕ ಆಲ್ವಿನ್ ಏಲಿ ಇದಕ್ಕೆ 1971ರಲ್ಲಿ ನೃತ್ಯರೂಪ ಕೊಟ್ಟ ಬಳಿಕ ಅದು ‘ಮೇರಿ ಲೂಸ್ ಮಾಸ್’ ಎಂಬ ಹೆಸರಿನಿಂದಲೇ ಪ್ರಸಿದ್ಧವಾಯಿತು.

ಈ ವರ್ಷಗಳಲ್ಲಿ ಅವರಿಗೆ ಬಲಗೈಯಾದವರು ಯೇಸುಸಭೆಯ ಪೀಟರ್ ಒಬ್ರಿಯನ್. ಗುರುಪದವಿಗೆ ಓದುತ್ತಿದ್ದಾಗ 1964ರಲ್ಲಿ ‘ಟೈಮ್’ ಪತ್ರಿಕೆಯಲ್ಲಿ ಮೇರಿ ಲೂ ಕುರಿತ ಲೇಖನ ಓದಿ, ಅವರು ನುಡಿಸುತ್ತಿದ್ದ ಸ್ಥಳವನ್ನು ಹುಡುಕಿಕೊಂಡು ಬಂದ ತರುಣ ಅವರು. ಮುಂದೆ ಗುರುಗಳಾಗಿ ಮೇರಿ ಲೂ ಅವರ ಕಾರ್ಯಕ್ರಮಗಳ ಹೊಣೆಯನ್ನೆಲ್ಲ ವಹಿಸಿಕೊಂಡರು.

1975ರ ಫೆಬ್ರವರಿ 18ರಂದು ನ್ಯೂಯಾರ್ಕಿನ ಸಂತ ಪ್ಯಾಟ್ರಿಕ್ ಪ್ರಧಾನಾಲಯದಲ್ಲಿ ಮೇರಿ ಲೂ ಅವರ ಸಂಗೀತದೊಡನೆ ಬಲಿಪೂಜೆ ಅರ್ಪಣೆಯಾಯಿತು. ಆ ಪ್ರಧಾನಾಲಯದೊಳಗೆ ಜಾಝ್ ನಾದ ಕೇಳಿಬಂದದ್ದು ಅದೇ ಪ್ರಥಮ. ಸುಮಾರು 3,000 ಮಂದಿ ನೆರೆದಿದ್ದರು. ಹಾಡಿದವರಲ್ಲಿ ಮಕ್ಕಳಿದ್ದರು. 64ರ ಹರೆಯದ ಮೇರಿ ಲೂ ಪಿಯಾನೊ ಮುಂದೆ ಕುಳಿತು ಅವರನ್ನು ನಡೆಸಿದರು. ಅಂದು ನೆರೆದವರು ಮತ ಹಾಕಲು ಬಂದವರಾಗಿರಲಿಲ್ಲ. ಯಾರು ಶ್ರೇಷ್ಠ, ಯಾರು ಎಷ್ಟನೆಯವರು ಎಂಬ ಪ್ರಶ್ನೆಗೆ ಅಲ್ಲಿ ಸ್ಥಳವೇ ಇರಲಿಲ್ಲ.

ಕೊನೆಯ ವರ್ಷಗಳು, ತಡವಾಗಿ ಬಂದ ಮನ್ನಣೆ

1977ರಲ್ಲಿ ಉತ್ತರ ಕ್ಯಾರೊಲಿನದ ಡ್ಯೂಕ್ ವಿಶ್ವವಿದ್ಯಾಲಯ ಮೇರಿ ಲೂ ಅವರನ್ನು ನಿವಾಸಿ ಕಲಾವಿದರನ್ನಾಗಿ ನೇಮಿಸಿತು. ಕಾಲೇಜಿನ ಮೆಟ್ಟಿಲು ಹತ್ತದ ಅವರು ಜಾಝ್ ಇತಿಹಾಸವನ್ನು ಬೋಧಿಸಿದರು. ಈ ಸಂಗೀತದ ಬೇರು ಯಾತನೆಯಲ್ಲಿದೆ, ಅದರ ಕಾಂಡ ಭಕ್ತಿಗೀತೆಗಳಲ್ಲಿದೆ ಎಂಬುದನ್ನು ಒಂದು ಮರದ ಚಿತ್ರದ ಮೂಲಕ ವಿವರಿಸುವುದು ಅವರ ಕ್ರಮ. ಅದೇ ವರ್ಷದ ಏಪ್ರಿಲ್‌ನಲ್ಲಿ ಕಾರ್ನೆಗೀ ಹಾಲ್‌ನಲ್ಲಿ ಅತ್ಯಾಧುನಿಕ ಶೈಲಿಯ ಸೆಸಿಲ್ ಟೇಲರ್ ಅವರೊಡನೆ ಜೋಡಿ ಪಿಯಾನೊ ನುಡಿಸುವಷ್ಟು ಚೈತನ್ಯ ಅವರಲ್ಲಿ ಉಳಿದಿತ್ತು. ಮಕ್ಕಳಿಗೆ ಸಂಗೀತ ಕಲಿಸಲೆಂದು 1980ರಲ್ಲಿ ತಮ್ಮ ಹೆಸರಿನ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. ಕ್ಯಾನ್ಸರ್ ರೋಗದೊಡನೆ ಹೋರಾಡುತ್ತಾ 1981ರ ಮೇ 28ರಂದು ಡರಮ್ ನಗರದಲ್ಲಿ ತಮ್ಮ 71ನೆಯ ವಯಸ್ಸಿನಲ್ಲಿ ಪ್ರಭುವಿನಲ್ಲಿ ವಿಶ್ರಾಂತಿ ಹೊಂದಿದರು. ಬಾಲ್ಯದಲ್ಲಿ ಇಟ್ಟಿಗೆಗಳಿಂದ ಸ್ವಾಗತಿಸಿದ ಪಿಟ್ಸ್‌ಬರ್ಗ್ ನಗರದ ಕಲ್ವಾರಿ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಒಂಬತ್ತು ವರ್ಷಗಳ ಬಳಿಕ, 1990ರಲ್ಲಿ, ‘ಡೌನ್ ಬೀಟ್’ ಕೀರ್ತಿಮಂದಿರದಲ್ಲಿ ಮೇರಿ ಲೂ ವಿಲಿಯಮ್ಸ್ ಅವರ ಹೆಸರು ಸೇರಿತು. ಅದು ಬಂದದ್ದು ಓದುಗರ ಮತದಿಂದಲ್ಲ, ವಿಮರ್ಶಕರ ಮತದಿಂದ. ವಿಮರ್ಶಕರಿಗೂ ಕೀರ್ತಿಮಂದಿರಕ್ಕೆ ಆರಿಸುವ ಅಧಿಕಾರವನ್ನು ಪತ್ರಿಕೆ 1961ರಲ್ಲಿ ಕೊಟ್ಟಿತ್ತು. ಅವರಿಗಿಂತ ಮೊದಲು ಅಲ್ಲಿ ಸ್ಥಾನ ಪಡೆದ ಮಹಿಳೆಯರಾದ ಬಿಲ್ಲಿ ಹಾಲಿಡೇ, ಬೆಸ್ಸಿ ಸ್ಮಿತ್, ಎಲ್ಲಾ ಫಿಟ್ಜೆರಾಲ್ಡ್, ಸಾರಾ ವಾನ್ ಎಲ್ಲರೂ ಗಾಯಕಿಯರು. ವಾದ್ಯ ನುಡಿಸಿದ ಮಹಿಳೆಗೆ ಆ ಬಾಗಿಲು ತೆರೆಯಲು ಮೂವತ್ತೆಂಟು ವರ್ಷ ಬೇಕಾಯಿತು. 1996ರಲ್ಲಿ ವಾಷಿಂಗ್ಟನ್ನಿನ ಕೆನಡಿ ಸೆಂಟರ್, ಜಾಝ್ ಕ್ಷೇತ್ರದ ಮಹಿಳೆಯರಿಗಾಗಿ ಆರಂಭಿಸಿದ ಉತ್ಸವಕ್ಕೆ ಅವರ ಹೆಸರನ್ನೇ ಇಟ್ಟಿತು.

ಮತ ಎಣಿಸುವುದರಲ್ಲಿ ತಪ್ಪೇನಿಲ್ಲ. ಮೆಚ್ಚಿದವರನ್ನು ಮೆಚ್ಚಿದೆವೆಂದು ಹೇಳುವುದು ಓದುಗರ ಹಕ್ಕು. ಆದರೆ ಎಣಿಕೆಗೆ ಸಿಗುವುದು ಕಣ್ಣಿಗೆ ಕಂಡದ್ದು ಮಾತ್ರ. ಇನ್ನೊಬ್ಬರ ವೃಂದಕ್ಕೆ ಬರೆದುಕೊಟ್ಟ ಸಂಗೀತ, ಇರುಳಲ್ಲಿ ತೆರೆದಿಟ್ಟ ಬಾಗಿಲು, ರೋಗಿಗೆ ಬಡಿಸಿದ ಊಟ, ಪ್ರಾರ್ಥನೆಯಲ್ಲಿ ನೆನೆದ ಹೆಸರುಗಳು ಯಾವ ಚೀಟಿಯಲ್ಲೂ ನಮೂದಾಗುವುದಿಲ್ಲ. ನಮ್ಮ ಒಂದೊಂದು ಧರ್ಮಕೇಂದ್ರದಲ್ಲೂ ಭಾನುವಾರದ ಪೂಜೆಗೆ ಬೆಳಗಾಗುವ ಮೊದಲೇ ಬಂದು, ಮೂಲೆಯಲ್ಲಿ ಕುಳಿತು ಹಾರ್ಮೋನಿಯಂ ನುಡಿಸಿ, ಮಕ್ಕಳಿಗೆ ಹಾಡು ಕಲಿಸಿ, ಸನ್ಮಾನದ ಪಟ್ಟಿಯಲ್ಲಿ ಹೆಸರಿಲ್ಲದೆ ಮನೆಗೆ ಮರಳುವವರು ಇದ್ದಾರೆ. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಅವರ ಬಳಿ ಹೋಗಿ ಒಂದು ಒಳ್ಳೆಯ ಮಾತನ್ನಾಡುವುದು ನಮ್ಮೆಲ್ಲರಿಗೂ ಸಾಧ್ಯ. ಅಂತಹ ಮಾತು ಮೇರಿ ಲೂ ಅವರಿಗೆ ಬಹಳ ತಡವಾಗಿ ದೊರೆಯಿತು. ನಮ್ಮ ನಡುವೆ ಇರುವವರಿಗೆ ಅಷ್ಟು ತಡವಾಗದಿರಲಿ.